ಎರಡನೆಯ ಗೂಡು

ತಿ. ನರಸೀಪುರ
8 ಜನವರಿ 2023

ಸುಚೇತಾ,

ಫೋನು ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನಾವಿಬ್ಬರೂ ಹೈಸ್ಕೂಲು ಹುಡುಗಿಯರ ಹಾಗೆ ನಕ್ಕು ನಕ್ಕು ಇಟ್ಟುಬಿಡುತ್ತೇವೆ, ಕೇಳಬೇಕಾದ್ದು ಉಳಿದೇಹೋಗುತ್ತದೆ. ಬೇಸಿಗೆ ರಜಾ ಬಂದರೆ ಬರೆದುಕೊಳ್ಳುತ್ತಿದ್ದೆವಲ್ಲ, ಆ ಅಭ್ಯಾಸವೇ ವಾಸಿ. ಈ ಕಾಗದದಲ್ಲಿ ಅರ್ಧ ಗೆಳತಿಗೆ, ಇನ್ನರ್ಧ ನಂಜನಗೂಡು ಬ್ರಾಂಚಿನ ಮ್ಯಾನೇಜರಿಗೆ.

ಇಟ್ಟಿಗೆಗೆ ಇಂಥ ಕಾಲವನ್ನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕಂಡಿಲ್ಲ. ಮೈಸೂರಿನ ಸುತ್ತ ಎಲ್ಲಿ ನೋಡಿದರೂ ಲೇಔಟು. ಕೊರೊನಾದಲ್ಲಿ ನಿಂತುಹೋಗಿದ್ದ ಮನೆಗಳೆಲ್ಲ ಒಟ್ಟಿಗೆ ಎದ್ದಿವೆ. ನಮ್ಮ ಇಟ್ಟಿಗೆ ಸುಡುವ ಗೂಡು ಬಿಚ್ಚುವ ಮುಂಚೆಯೇ ಮುಡುಕುತೊರೆ ರಸ್ತೆಯಲ್ಲಿ ಲಾರಿಗಳು ಬಂದು ನಿಂತಿರುತ್ತವೆ. ಮೊನ್ನೆ ಒಬ್ಬ ಕಂಟ್ರಾಕ್ಟರು ನಮ್ಮ ಯಜಮಾನರಿಗೆ, "ರಾಜೇಂದ್ರಣ್ಣ, ಇನ್ನೊಂದ್ ಗೂಡಿದ್ರೆ ಅದ್ನೂ ನಾನೇ ಎತ್ಕೊಂಡೋಯ್ತಿದ್ದೆ" ಎಂದ. ಅವತ್ತಿನಿಂದ ಇವರ ತಲೆಯಲ್ಲಿ ಎರಡನೆಯ ಗೂಡು ಕೂತಿದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಕೂತಿದೆ.

ಪಕ್ಕದ ಎರಡು ಎಕರೆ ಗುತ್ತಿಗೆಗೆ ಸಿಗುತ್ತದೆ. ಮಣ್ಣು ಕಲಸುವ ಮಿಷನ್ನು, ಒಣಗಿಸಲು ಶೆಡ್ಡು, ಒಂದು ಟಿಪ್ಪರ್, ಎಲ್ಲಾ ಸೇರಿ ಮೂವತ್ತೈದು ಲಕ್ಷ ಬೇಕು. ನಿಮ್ಮಲ್ಲಿ ನಮ್ಮ ಎಂಟು ಲಕ್ಷದ ಸಾಲ ಒಂದು ದಿನವೂ ತಪ್ಪದೆ ನಡೆದಿದೆ. ನಿಮ್ಮ ಕ್ಲರ್ಕು ನಂಜೇಶ್ ಕಂಪ್ಯೂಟರಿನಲ್ಲಿ ನೋಡಿ, "ಅಕ್ಕ, ನಿಮ್ ಸ್ಕೋರು ಸೂಪರಾಗದೆ" ಎಂದ. ಅರ್ಜಿ ಕಳಿಸಿದ್ದೇನೆ. ಒಂದು ಸಲ ಬಂದು ನೋಡಿಕೊಂಡು ಹೋಗು. ಅತ್ತೆ ನಿನ್ನನ್ನು ನೆನೆಸಿಕೊಳ್ಳುತ್ತಿರುತ್ತಾರೆ.

ನಿನ್ನ
ವನಜಾಕ್ಷಿ


ನಂಜನಗೂಡು
6 ಫೆಬ್ರವರಿ 2023

ಪ್ರೀತಿಯ ವನಜಾ,

ಹೋದ ತಿಂಗಳು ಬಂದಾಗ ನಿಮ್ಮತ್ತೆ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿ ಇನ್ನೂ ಇದೆ. ಅಮ್ಮ ದಿನಾ ಸ್ವಲ್ಪ ಹಾಕಿಕೊಂಡು, "ಚಿಕ್ಕಬಸಮ್ಮನ ಕೈಯೇ ಕೈ" ಅನ್ನುತ್ತಾಳೆ. ನಿಮ್ಮ ಗೂಡಿನ ಹತ್ತಿರ ನಿಂತಾಗ ನನಗೂ ಉತ್ಸಾಹ ಬಂದಿತ್ತು. ರಾಜೇಂದ್ರ ಅವರು ಖಾಲಿ ಜಾಗದಲ್ಲಿ ಕೈಯಾಡಿಸಿ, ಇಲ್ಲಿ ಮಿಷನ್ನು, ಅಲ್ಲಿ ಶೆಡ್ಡು ಎಂದು ತೋರಿಸುತ್ತಿದ್ದರೆ ಎಲ್ಲವೂ ಆಗಲೇ ಎದ್ದು ನಿಂತಿದೆಯೇನೋ ಅನ್ನಿಸಿತು.

ಅರ್ಜಿಯನ್ನು ಮೈಸೂರಿನ ಪ್ರಾದೇಶಿಕ ಕಚೇರಿಗೆ ಕಳಿಸಿದ್ದೆ. ಅರ್ಜಿದಾರಳು ನನ್ನ ಗೆಳತಿ ಎಂಬುದನ್ನೂ ಬರೆದಿದ್ದೆ, ಬರೆಯಲೇಬೇಕಿತ್ತು. ವನಜಾ, ಸಾಲ ಮಂಜೂರಾಗಿಲ್ಲ. ಇಂಥ ವಿಷಯಗಳಲ್ಲಿ ನೋಡುವುದು ಹಲವಾರಿರುತ್ತದೆ. ಬೇಜಾರು ಮಾಡಿಕೊಳ್ಳಬೇಡ. ಈಗಿರುವ ಎಂಟು ಲಕ್ಷದ ಮಿತಿಯನ್ನು ಹತ್ತಕ್ಕೆ ಏರಿಸಲು ನನಗೇ ಅಧಿಕಾರವಿದೆ, ಅದನ್ನು ಈ ವಾರವೇ ಮಾಡುತ್ತೇನೆ. ಈಗಿನ ಗೂಡಿನಲ್ಲೇ ಈ ವರ್ಷ ಚೆನ್ನಾಗಿ ದುಡಿಯಿರಿ, ಆಮೇಲೆ ನೋಡೋಣ.

ಸುಚೇತಾ


ತಿ. ನರಸೀಪುರ
14 ಫೆಬ್ರವರಿ 2023

ಸುಚಿ,

ನಿನ್ನ ಕಾಗದದಲ್ಲಿ ಎಷ್ಟು ಸಂಕೋಚ! ನಮಗಾಗಿ ಮೈಸೂರಿನವರ ಹತ್ತಿರ ಏನೇನು ಹೋರಾಡಿದೆಯೋ ಏನೋ. ಇವರೂ ಅದನ್ನೇ ಅಂದರು. "ಪಾಪ, ಸುಚೇತಮ್ನೋರು ಏನ್ಮಾಡಕಾಯ್ತದೆ, ಮೇಲಿರೋರ್ಗೆ ಮಣ್ಣಿನ್ ಕೆಲ್ಸ ಅಂದ್ರೆ ಏನ್ ಗೊತ್ತು?"

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೈಸೂರಿನ ಒಂದು ಫೈನಾನ್ಸ್ ಕಂಪನಿಯವರು ಅವರಾಗಿಯೇ ಮನೆಗೆ ಬಂದಿದ್ದರು. ಪೂರ್ತಿ ಮೂವತ್ತೈದು ಲಕ್ಷ ಕೊಡುತ್ತಾರೆ. ಬಡ್ಡಿ ನಿಮ್ಮ ಬ್ಯಾಂಕಿನ ಎರಡರಷ್ಟು ಹತ್ತಿರ ಬರುತ್ತದೆ, ಆದರೆ ಈಗ ಬರುತ್ತಿರುವ ಆರ್ಡರಿನಲ್ಲಿ ಅದು ಗೊತ್ತೇ ಆಗುವುದಿಲ್ಲ ಅನ್ನುತ್ತಾರೆ ಇವರು. ಮುಂದಿನ ವಾರ ಬುಧವಾರ ಸಹಿ.

ನೀನು ಪಟ್ಟ ಕಷ್ಟವನ್ನು ಮರೆಯುವುದಿಲ್ಲ.

ವನಜಾ


ನಂಜನಗೂಡು
17 ಫೆಬ್ರವರಿ 2023

ವನಜಾ,

ಈ ಕಾಗದ ಬುಧವಾರದ ಒಳಗೆ ತಲುಪಲಿ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ, ಗೂಡಿನ ಹತ್ತಿರ ಇರಬೇಕು. ಆ ಬಡ್ಡಿಗೆ ಸಹಿ ಹಾಕಬೇಡಿ. ಒಂದು ವರ್ಷ ತಡೆಯಿರಿ. ಯಾಕೆಂದು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಸುಚೇತಾ


ತಿ. ನರಸೀಪುರ
2 ಮೇ 2023

ಸುಚೇತಾ,

ನಿನ್ನ ಫೆಬ್ರವರಿಯ ಕಾಗದ ತಲುಪಿತ್ತು. ಸಹಿ ಹಾಕಿ ಎರಡು ದಿನವಾಗಿತ್ತು. ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ.

ಭಾನುವಾರ ಹೆಡತಲೆಯಲ್ಲಿ ಒಂದು ಗೃಹಪ್ರವೇಶ. ನಮ್ಮದೇ ಇಟ್ಟಿಗೆಯ ಮನೆ. ಊಟದ ಪಂಕ್ತಿಯಲ್ಲಿ ನಂಜೇಶ್ ಪಕ್ಕದಲ್ಲಿ ಸಿಕ್ಕಿದ. ಅವನಿಗೆ ನನಗೆ ಗೊತ್ತಿಲ್ಲವೆಂಬುದು ಗೊತ್ತಿರಲಿಲ್ಲ. "ಅಕ್ಕ, ನಿಮ್ ಫೈಲು ಮೈಸೂರಲ್ಲಿ ಪಾಸಾಗೋಗಿತ್ತು. ನಿಮ್ಮ ಅಭಿಪ್ರಾಯ ಏನು ಅಂತ ಮೇಡಮ್ಗೆ ಫೋನ್ ಬಂತು. ಮೇಡಮ್ಮೇ ಬ್ಯಾಡ ಅಂದ್ರು. ನಾನೂ ಅಲ್ಲೇ ಇದ್ದೆ" ಎಂದ. ಪಾಯಸ ಬಡಿಸುವ ಮುಂಚೆಯೇ ಎಲೆ ಬಿಟ್ಟು ಎದ್ದೆ.

ಬೇಡ ಅಂದದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ನೋವಾಯಿತು. "ಮಂಜೂರಾಗಿಲ್ಲ" ಎಂದು ಬರೆದೆ. ಯಾರು ಮಾಡಲಿಲ್ಲ ಎಂದು ಬರೆಯಲಿಲ್ಲ. ನಾನು ನಿನಗೆ ಥ್ಯಾಂಕ್ಸ್ ಹೇಳಿ ಬರೆದಾಗಲಾದರೂ ಹೇಳಬಹುದಿತ್ತು. ಅಷ್ಟು ದೊಡ್ಡ ಯಂತ್ರ ನಮ್ಮನ್ನು ನಂಬಿತು, ಮೂವತ್ತು ವರ್ಷದಿಂದ ನೋಡಿದ ನೀನು ನಂಬಲಿಲ್ಲ. ಇಟ್ಟಿಗೆ ಮಾಡುವವರು ಒಂದೇ ಗೂಡಿನಲ್ಲಿ ಇದ್ದರೆ ಸಾಕು ಅಂತಲಾ? ಇವರಿಗೆ ಹೇಳಿದೆ. "ಆ ಮೇಡಂ ಇನ್ನೊಂದ್ಸಲ ನಮ್ ಗೂಡಿನ್ ತಾವ್ಕೆ ಬರೋದ್ ಬ್ಯಾಡ" ಎಂದರು. ನಾನೂ ಬೇಡವೆನ್ನಲಿಲ್ಲ.

ವನಜಾಕ್ಷಿ


ನಂಜನಗೂಡು
11 ಮೇ 2023

ವನಜಾ,

ನಂಜೇಶ್ ಹೇಳಿದ್ದು ನಿಜ. ನಿನ್ನ ಮುಂದೆ ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಯಾಕೆ ಬೇಡವೆಂದೆ ಎಂಬುದನ್ನು ಈಗಲಾದರೂ ಪೂರ್ತಿ ಓದು.

ನಮ್ಮ ಸ್ಕೋರು ನೋಡುವುದು ಕಳೆದ ಎರಡು ವರ್ಷವನ್ನು. ಕಂತು ಕಟ್ಟಿದಿರಾ, ವಹಿವಾಟು ಏರಿದೆಯಾ, ಅಷ್ಟೇ. ಆ ಎರಡು ವರ್ಷ ನಿನಗೆ ಮಾತ್ರವಲ್ಲ, ಇಟ್ಟಿಗೆಯವರೆಲ್ಲರಿಗೂ ಒಳ್ಳೆಯದಾಗಿತ್ತು. ಜನವರಿಯಲ್ಲಿ ನನ್ನ ಮೇಜಿನ ಮೇಲೆ ನಿನ್ನ ಅರ್ಜಿಯ ಜೊತೆ ಹೊಸ ಗೂಡಿನ ಇನ್ನೂ ನಾಲ್ಕು ಅರ್ಜಿಗಳಿದ್ದವು. ಎಲ್ಲರ ಸ್ಕೋರೂ ಚೆನ್ನಾಗಿತ್ತು. ಬೇರೆ ಬ್ಯಾಂಕುಗಳಲ್ಲಿ ಇನ್ನೆಷ್ಟಿದ್ದವೋ. ಎಲ್ಲರೂ ಲೆಕ್ಕ ಹಿಡಿದಿದ್ದು ಅವೇ ಮೈಸೂರಿನ ಮನೆಗಳನ್ನು. ಆ ಮನೆಗಳು ನಿಂತರೆ ಎಲ್ಲರೂ ಒಟ್ಟಿಗೆ ನಿಲ್ಲುತ್ತೀರಿ. ಹಾಗಾದಾಗ ಬೆಲೆ ಮೂರನೇ ಒಂದು ಭಾಗ ಇಳಿದರೆ ಕಂತು ಹುಟ್ಟುತ್ತದೆಯೇ ಎಂದು ನಿನ್ನ ಲೆಕ್ಕದಲ್ಲೇ ಮಾಡಿ ನೋಡಿದೆ. ಹುಟ್ಟುತ್ತಿರಲಿಲ್ಲ. ಎಲ್ಲರೂ ಗಟ್ಟಿಯಾಗಿ ಕಾಣುವ ಕಾಲದಲ್ಲಿ ಕೊಟ್ಟ ಸಾಲವೇ ಆಮೇಲೆ ಹೆಚ್ಚು ಕೆಡುತ್ತದೆ ಎಂದು ನಾನು ಈ ಕೆಲಸದಲ್ಲಿ ಕಂಡಿದ್ದೇನೆ. ನಾಲ್ಕಕ್ಕೂ ಬೇಡವೆಂದೆ, ನಿನ್ನದಕ್ಕೂ ಬೇಡವೆಂದೆ.

ಇನ್ನೊಂದು ಮಾತು. ಗೆಳತಿಯ ಸಾಲ ಕೆಟ್ಟರೆ ಜನ ನನ್ನನ್ನು ಏನೆಂದಾರು ಎಂಬ ಭಯವೂ ಇತ್ತು. ಅದು ಎಷ್ಟಿತ್ತು ಎಂದು ನನಗೇ ಅಳೆಯಲಾಗುತ್ತಿಲ್ಲ.

ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ ವನಜಾ. ಬೈದಾದರೂ ಬರೆ.

ಸುಚೇತಾ


ನಂಜನಗೂಡು
4 ನವೆಂಬರ್ 2024

ವನಜಾ,

ಬ್ಯಾಂಕಿನ ನೋಟಿಸಿನ ಜೊತೆ ಕಾಗದ ಇಡುವ ರೂಢಿಯಿಲ್ಲ. ಆದರೂ ಇಡುತ್ತಿದ್ದೇನೆ. ಒಂದೂವರೆ ವರ್ಷದಲ್ಲಿ ನಿನಗೆ ನನ್ನಿಂದ ಬರುವ ಮೊದಲ ಅಂಚೆ ಇದಾಗಬೇಕಿತ್ತೇ? ಯುಗಾದಿಗೆ ಒಂದು ಕಾಗದ ಬರೆದಿದ್ದೆ, ಹಾಕಲಿಲ್ಲ.

ನಿಮ್ಮ ಹತ್ತು ಲಕ್ಷದ ಖಾತೆಯಲ್ಲಿ ಎರಡು ತಿಂಗಳಿಂದ ಬಡ್ಡಿಯೂ ಬಂದಿಲ್ಲ. ಇನ್ನೊಂದು ತಿಂಗಳು ಹೀಗೇ ಹೋದರೆ ಅದು ಕೆಟ್ಟ ಸಾಲವೆಂದು ತಾನಾಗಿಯೇ ಬರೆಸಿಕೊಳ್ಳುತ್ತದೆ, ಆಮೇಲೆ ನನ್ನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ನೋಟಿಸಿನ ಭಾಷೆ ನನ್ನದಲ್ಲ, ಎಲ್ಲರಿಗೂ ಅದೇ ಹೋಗುತ್ತದೆ. ಹೇಗಿದ್ದೀಯೆಂದು ಎರಡು ಸಾಲು ಬರೆ. ಬ್ಯಾಂಕಿಗಲ್ಲ, ನನಗೆ.

ಸುಚೇತಾ


ತಿ. ನರಸೀಪುರ
13 ನವೆಂಬರ್ 2024

ಸುಚೇತಾ,

ನೋಟಿಸು ತಲುಪಿತು. ಕಾಗದವೂ ತಲುಪಿತು. ಕಾಗದವನ್ನು ಮೊದಲು ಓದಿದೆ.

ಎರಡನೆಯ ಗೂಡು ಒಂದು ಸೀಸನ್ನು ಚೆನ್ನಾಗಿ ಉರಿಯಿತು. ಅಷ್ಟೇ. ಆಮೇಲೆ ಲೇಔಟುಗಳ ಅನುಮತಿ ನಿಂತಿತು, ಮನೆ ಸಾಲದ ಬಡ್ಡಿ ಏರಿತೆಂದು ಕಟ್ಟುವವರು ಕೈಕಟ್ಟಿ ಕೂತರು. ಕಟ್ಟುತ್ತಿರುವವರೂ ಸಿಮೆಂಟಿನ ಬ್ಲಾಕು ಹಾಕಿಸುತ್ತಿದ್ದಾರೆ. ನಮ್ಮ ಸುತ್ತಲೇ ಆರು ಹೊಸ ಗೂಡುಗಳಾಗಿವೆ, ಒಬ್ಬರಿಗಿಂತ ಒಬ್ಬರು ಇಳಿಸಿ ಮಾರುತ್ತಾರೆ. ಅದರ ಮೇಲೆ ಕಾಲವಲ್ಲದ ಕಾಲದಲ್ಲಿ ಮಳೆ ಬಂದು ಶೆಡ್ಡಿನ ಆಚೆ ಇದ್ದ ಹಸಿ ಇಟ್ಟಿಗೆಯೆಲ್ಲ ಮತ್ತೆ ಮಣ್ಣಾಯಿತು. ಫೈನಾನ್ಸಿನವರು ಇಬ್ಬರು ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂರುತ್ತಾರೆ. ಕೆಟ್ಟ ಮಾತಾಡುವುದಿಲ್ಲ. ಅತ್ತೆ ಅವರಿಗೂ ಕಾಫಿ ಕೊಡುತ್ತಾರೆ. ಕಾಫಿ ಕುಡಿದು ಕೂತೇ ಇರುತ್ತಾರೆ, ಬೀದಿಯ ಜನ ನೋಡಿಕೊಂಡು ಹೋಗುತ್ತಾರೆ.

ನೀನು ಹೇಳಿದ ಹಾಗೇ ಆಯಿತು. ಇದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಆದರೆ ನೀನೂ ಒಂದು ಮಾತು ಕೇಳಬೇಕು. ಅದೇ ಮೂವತ್ತೈದು ಲಕ್ಷ ನಿಮ್ಮ ಬ್ಯಾಂಕಿನ ಬಡ್ಡಿಗೆ ಸಿಕ್ಕಿದ್ದರೆ, ಇಷ್ಟು ಕೆಟ್ಟ ವರ್ಷದಲ್ಲೂ ನಾವು ಉಸಿರು ಹಿಡಿದು ನಿಲ್ಲುತ್ತಿದ್ದೆವೇನೋ. ನಾನೂ ಕೂತು ಲೆಕ್ಕ ಹಾಕಿದ್ದೇನೆ. ನಮ್ಮ ಅಪಾಯವನ್ನು ನೀನು ಅಳೆದೆ, ಸರಿ. ನೀನು ಬೇಡ ಅಂದದ್ದರಿಂದಲೇ ಅದು ಹೆಚ್ಚಾಯಿತಲ್ಲ, ಅದನ್ನು ಯಾರು ಅಳೆದರು?

ನಾನು ಜಗಳಕ್ಕೆ ಕೇಳುತ್ತಿಲ್ಲ. ಗೊತ್ತಿದ್ದರೆ ಹೇಳು.

ವನಜಾ


ನಂಜನಗೂಡು
2 ಡಿಸೆಂಬರ್ 2024

ವನಜಾ,

ನಿನ್ನ ಪ್ರಶ್ನೆಯನ್ನು ಹಿಡಿದು ನಮ್ಮ ಲೆಕ್ಕಗಳನ್ನೆಲ್ಲ ತೆಗೆದು ನೋಡಿದೆ. ಹದಿನೈದು ದಿನ ಹುಡುಕಿದೆ. ನಾವು ಬೇಡವೆಂದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂದು ಬರೆದುಕೊಳ್ಳಲು ನಮ್ಮ ಯಾವ ಲೆಕ್ಕದಲ್ಲೂ ಜಾಗವಿಲ್ಲ. ನಾನು ನೋಡಿದ್ದು ಬ್ಯಾಂಕಿನ ಅಪಾಯ. ಅದನ್ನು ಇಳಿಸಿದೆ. ನಿನ್ನದು ಏರಿತು.

ಈಗ ಇನ್ನೊಂದು ವಿಷಯ. ಮೊನ್ನೆ ಶುಕ್ರವಾರ ರಾಜೇಂದ್ರ ಅವರು ಬ್ರಾಂಚಿಗೆ ಬಂದಿದ್ದರು. ನಿನಗೆ ಹೇಳಿ ಬಂದಿರಲಿಕ್ಕಿಲ್ಲ. ನನ್ನ ಕೋಣೆಗೆ ನೇರವಾಗಿ ಬರಬಹುದಿತ್ತು. ಬರಲಿಲ್ಲ. ಪಿಂಚಣಿಯವರ ಜೊತೆ ಕ್ಯೂನಲ್ಲಿ ನಿಂತಿದ್ದರು. ನಂಜೇಶ್ ನೋಡಿ ಕರೆತಂದ. ಕುರ್ಚಿಯ ತುದಿಯಲ್ಲಿ ಕೂತರು.

"ನಮ್ ಗೂಡಿನ್ ತಾವ್ಕೆ ಬರ್ಬ್ಯಾಡಿ ಅಂತ ಅಂದಿದ್ದೆ, ಮೇಡಂ. ಈಗ ನಾನೇ ನಿಮ್ ತಾವ್ಕೆ ಬಂದಿವ್ನಿ."

"ಬಂದದ್ದು ಒಳ್ಳೆಯದಾಯಿತು. ಸಾಲವನ್ನು ಬೇರೆ ಕಂತುಗಳಿಗೆ ಹೊಂದಿಸಿಕೊಡಲು ಬರುತ್ತದಾ ಅಂತ ನಾನೂ ನೋಡ್ತಿದ್ದೇನೆ" ಎಂದೆ.

"ಅದ್ಕೂ ಮುಂಚೆ ಒಂದ್ ವಿಸ್ಯ ಏಳ್ಬೇಕು. ಪೇಪರ್ನಲ್ಲಿ ಇಲ್ದಿರೋದು."

ಹೇಳಿದರು. ನಾನು ಕೇಳಿದೆ. ಅದು ಏನೆಂದು ನಾನು ನಿನಗೆ ಬರೆಯುವ ಹಾಗಿಲ್ಲ. ಬ್ಯಾಂಕಿನವಳಾಗಿಯೂ ಬರೆಯಬಾರದು, ಅವರ ಬಾಯಿಂದ ಬರಬೇಕಾದ ಮಾತು ಅದು. ಅವರಿಗೆ ಒಂದೇ ಮಾತು ಹೇಳಿದ್ದೇನೆ: "ವನಜಾಗೆ ಹೇಳಿ. ಅವಳೂ ಈ ಸಾಲಕ್ಕೆ ಸಹಿ ಹಾಕಿರುವವಳು. ಅವಳಿಗೆ ಗೊತ್ತಾಗದೆ ನಾನು ಒಂದು ಕಾಗದವನ್ನೂ ಮುಂದೆ ಕಳಿಸುವುದಿಲ್ಲ."

ಮುಚ್ಚಿಟ್ಟು ನಾನು ಒಮ್ಮೆ ನಿನ್ನನ್ನು ಕಳೆದುಕೊಂಡಿದ್ದೇನೆ. ಅದಕ್ಕೇ ಇಷ್ಟನ್ನಾದರೂ ಬರೆಯುತ್ತಿದ್ದೇನೆ. ಅವರು ಹೇಳುವಾಗ ನೀನು ಮೊದಲು ಪೂರ್ತಿ ಕೇಳು.

ಸುಚೇತಾ


ತಿ. ನರಸೀಪುರ
10 ಡಿಸೆಂಬರ್ 2024

ಸುಚಿ,

ಹೇಳಿದರು.

ನಿನ್ನ ಕಾಗದ ಬಂದ ಮಧ್ಯಾಹ್ನವೇ ಕೇಳಿದೆ. ಶೆಡ್ಡಿನಲ್ಲಿ ತಾಡಪಾಲು ಮಡಿಸುತ್ತಿದ್ದರು. ಅದನ್ನು ಮಡಿಸುತ್ತಲೇ, ನನ್ನ ಮುಖ ನೋಡದೆ ಹೇಳಿದರು. ಫೈನಾನ್ಸಿನ ಕಂತಿಗೆಂದು ಮಾರಯ್ಯನ ಹತ್ತಿರ ನಾಲ್ಕು ಲಕ್ಷ ಕೈಸಾಲ. ಮಾರಯ್ಯ ನಿನಗೆ ಗೊತ್ತಿಲ್ಲ, ನಮಗೆ ಸೌದೆ ಹಾಕುವವನು. ಅದರ ಬಡ್ಡಿಗೆ ಅತ್ತೆಯ ಒಡವೆ ಅಡ.

"ಅವ್ವುನ್ ಒಡ್ವೆನಾ? ಅವ್ರ್ಗೆ ಗೊತ್ತಾ?" ಎಂದೆ.

ಇವರು ಉತ್ತರ ಕೊಡುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು, "ನಾನೇ ಬಿಚ್ಕೊಟ್ಟೆ ಕಣವ್ವ. ಅವುನ್ ಮಕ ನೋಡಕಾಗ್ನಿಲ್ಲ. ನಿಂಗೆ ಏಳ್ಬ್ಯಾಡ ಅಂದೋಳೂ ನಾನೇಯ" ಎಂದರು.

ಸುಚಿ, ನನಗೆ ಕೋಪ ಬರಬೇಕಿತ್ತು. ಬಂತು ಕೂಡ. ಇಟ್ಟಿಗೆ ಹಾಕುವ ಒಂದು ಮರದ ಅಚ್ಚನ್ನು ಎತ್ತಿ ಎಸೆದೆ, ಯಾರಿಗೂ ತಾಗಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ಮೂರು ಜನ, ಲೆಕ್ಕ ಬರೆಯುವವಳು ನಾನು, ನನ್ನ ಲೆಕ್ಕವೇ ಸುಳ್ಳು. ಕಳೆದ ಕಾಗದದಲ್ಲಿ ನಿನಗೆ ಅಷ್ಟು ದೊಡ್ಡದಾಗಿ ಲೆಕ್ಕ ಹಾಕಿದ್ದೇನೆ ಎಂದು ಬರೆದೆನಲ್ಲ, ಅದರಲ್ಲಿ ಈ ನಾಲ್ಕು ಲಕ್ಷ ಇರಲೇ ಇಲ್ಲ.

ಆಮೇಲೆ ಇವರು ತಾಡಪಾಲಿನ ಮೇಲೆ ಕುಸಿದು ಕೂತರು. "ಬೀದೀಲಿ ನಮ್ಮನ್ನ ಎಲ್ರೂ ಎರಡ್ ಗೂಡಿನ್ ರಾಜೇಂದ್ರ ಅಂತಾರೆ. ಒಂದ್ನ ಮುಚ್ಬುಡನ ಅಂತ ಬಾಯ್ಬುಟ್ಟು ಏಳಕಾಗ್ನಿಲ್ಲ ನಂಗೆ" ಎಂದರು. ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಎಸೆದ ಅಚ್ಚನ್ನು ನಾನೇ ಹೋಗಿ ಎತ್ತಿಕೊಂಡು ಬಂದೆ. ಪಕ್ಕದಲ್ಲಿ ಕೂತೆ.

ಎರಡನೆಯ ಗೂಡು ಬೇಡ ಎಂದು ಮೂವರೂ ಒಪ್ಪಿದ್ದೇವೆ. ಈಗ ನಿನ್ನ ಯಂತ್ರಕ್ಕೆ ಎಲ್ಲವನ್ನೂ ಹೇಳು, ಮಾರಯ್ಯನನ್ನೂ ಸೇರಿಸಿ. ಸ್ಕೋರು ಪಾತಾಳಕ್ಕೆ ಹೋದರೂ ಹೋಗಲಿ.

ವನಜಾ


ನಂಜನಗೂಡು
24 ಜನವರಿ 2025

ವನಜಾ,

ನಿನ್ನೆ ಮೈಸೂರಿಗೆ ಹೋಗಿದ್ದೆ. ಸುದ್ದಿ ಅರ್ಧ ಒಳ್ಳೆಯದು.

ನಾನು ಕೇಳಿದ್ದು ಎರಡು. ಹತ್ತು ಲಕ್ಷದ ಬಾಕಿಯನ್ನು ಐದು ವರ್ಷದ ಕಂತಿಗೆ ಹಂಚುವುದು, ಮಳೆಗಾಲದ ತಿಂಗಳುಗಳಲ್ಲಿ ಬಡ್ಡಿ ಮಾತ್ರ. ಇನ್ನೊಂದು, ಹಳೆಯ ಗೂಡಿಗೆ ಬೆಂಕಿ ಕೊಡಲು ಹೊಸದಾಗಿ ಮೂರು ಲಕ್ಷ. ಮೊದಲನೆಯದನ್ನು ಓದಿದರು. ಎರಡನೆಯದಕ್ಕೆ ಬಂದ ಕೂಡಲೇ ಅಲ್ಲಿನ ಸಾಲ ವಿಭಾಗದ ಅಧಿಕಾರಿ ಕನ್ನಡಕ ತೆಗೆದಿಟ್ಟರು.

"ಮೇಡಂ, ಇಟ್ಟಿಗೆ ಉದ್ದಿಮೆಯ ರೇಟಿಂಗನ್ನೇ ನಾವು ಈ ತಿಂಗಳು ಇಳಿಸಿದ್ದೇವೆ. ಇವರದ್ದಂತೂ ಕೆಂಪು. ಎರಡು ವರ್ಷದ ಹಿಂದೆ ಇವರ ಸ್ಕೋರು ಅಷ್ಟು ಚೆನ್ನಾಗಿದ್ದಾಗ ಬೇಡ ಅಂದವರು ನೀವೇ. ಈಗ ಕೊಡಿ ಅಂತೀರಿ?"

"ಹೌದು ಸಾರ್. ಅವತ್ತು ಅವರು ನಿಜವಾಗಿ ಎಷ್ಟು ಗಟ್ಟಿ ಅಂತ ನಮಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಇವತ್ತು ಪೇಪರಿನಲ್ಲಿ ಇಲ್ಲದ ಸಾಲವನ್ನೂ ಅವರೇ ಬಂದು ಹೇಳಿದ್ದಾರೆ. ಮಿಷನ್ನು ಟಿಪ್ಪರ್ ಮಾರಿ ಫೈನಾನ್ಸಿನವರ ಜೊತೆ ತೀರಿಸಿಕೊಳ್ಳುತ್ತಾರೆ. ಉಳಿಯುವುದು ಒಂದು ಗೂಡು. ಈಗಿನ ಬೆಲೆಯಲ್ಲೇ ಅದು ಕಂತು ಹುಟ್ಟಿಸುತ್ತದೆ. ಬೆಲೆ ಇನ್ನೂ ಇಳಿಯುವುದಕ್ಕೆ ಹೆಚ್ಚು ಜಾಗ ಉಳಿದಿಲ್ಲ."

"ಉದ್ದಿಮೆಯೇ ಕೆಂಪಲ್ಲಿದೆ ಅಂದೆನಲ್ಲ."

"ಎಲ್ಲ ಬ್ಯಾಂಕೂ ಒಂದೇ ದಿನ ಕೆಂಪು ಹಾಕಿ ಬಾಗಿಲು ಮುಚ್ಚಿದರೆ, ನಿಲ್ಲಬಹುದಾದವರೂ ಬೀಳ್ತಾರೆ ಸಾರ್. ಆಮೇಲೆ ನೋಡಿ, ನಮ್ಮ ಕೆಂಪು ಸರಿಯಾಗಿತ್ತು ಅಂತ ನಾವೇ ಹೇಳಿಕೊಳ್ತೀವಿ."

"ಇವರು ನಿಮ್ಮ ಸ್ನೇಹಿತೆ ಅಲ್ವಾ?"

"ಸ್ನೇಹಿತೆ. ಫೈಲಿನಲ್ಲಿ ಮೊದಲ ಸಾಲೇ ಅದು. ಅದಕ್ಕೇ ತೀರ್ಮಾನ ನಿಮ್ಮದಾಗಲಿ ಅಂತ ಬಂದಿದ್ದೇನೆ."

ಅವರು ಕೆಟ್ಟವರಲ್ಲ ವನಜಾ. ಅವರ ಮೇಲೂ ಯಾರೋ ಇದ್ದಾರೆ. ಕೊನೆಗೆ ಕಂತು ಹಂಚುವುದಕ್ಕೆ ಒಪ್ಪಿದರು. ಮೂರು ಲಕ್ಷದ ಬದಲು ಒಂದೂವರೆ. ಖಾತೆ ಮಾತ್ರ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ, ಅದನ್ನು ತಪ್ಪಿಸಲಾಗಲಿಲ್ಲ. ಒಂದು ವರ್ಷ ತಪ್ಪದೆ ಕಟ್ಟಿದರೆ ಹೊರಗೆ ಬರುತ್ತದೆ. ಒಂದೂವರೆಯಲ್ಲಿ ಗೂಡು ಹತ್ತುತ್ತದಾ?

ಸುಚೇತಾ


ತಿ. ನರಸೀಪುರ
2 ಏಪ್ರಿಲ್ 2025

ಸುಚಿ,

ಹತ್ತಿತು. ಅರ್ಧ ಗೂಡು ಹಾಕಿದೆವು.

ಮಿಷನ್ನು ತಮಿಳುನಾಡಿನ ಕಡೆಯವರು ಕೊಂಡರು, ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ. ಟಿಪ್ಪರನ್ನು ಫೈನಾನ್ಸಿನವರೇ ಒಯ್ದರು. ಉಳಿದದ್ದಕ್ಕೆ ಊರಾಚೆಯ ನನ್ನ ಹೆಸರಿನ ಸೈಟು ಹೋಯಿತು. ಅಪ್ಪ ಕೊಟ್ಟದ್ದು. ಬರೆದುಕೊಡುವ ದಿನ ನಾನು ಅಳಲಿಲ್ಲ, ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ ಅತ್ತುಬಿಟ್ಟೆ. ಅತ್ತೆಯ ಒಡವೆ ಇನ್ನೂ ಬಿಡಿಸಿಲ್ಲ. ಮಾರಯ್ಯ ಒಂದು ಸೀಸನ್ನು ಕಾಯುತ್ತೇನೆ ಎಂದಿದ್ದಾನೆ, ಬಡ್ಡಿಯನ್ನು ಮಾತ್ರ ಬಿಟ್ಟಿಲ್ಲ.

ಇವರು ಬೆಳಿಗ್ಗೆ ಬೇರೆಯವರ ಲಾರಿ ಓಡಿಸುತ್ತಾರೆ, ಸಂಜೆ ಗೂಡಿಗೆ ಬರುತ್ತಾರೆ. ಮೊದಲ ವಾರ ಉಂಡು ಗೋಡೆ ಕಡೆ ಮಗ್ಗುಲಾಗಿಬಿಡುತ್ತಿದ್ದರು. ಎರಡನೆಯ ವಾರ ಯಾವುದೋ ಹೋಟೆಲಿನ ಬೋಂಡ ಕಟ್ಟಿಸಿಕೊಂಡು ಬಂದರು. ಅವತ್ತು ನನಗೆ ಸ್ವಲ್ಪ ಧೈರ್ಯ ಬಂತು.

ಫೆಬ್ರವರಿ, ಮಾರ್ಚ್ ಎರಡೂ ತಿಂಗಳ ಕಂತು ಕಟ್ಟಿದ್ದೇನೆ. ಮುಂದಿನ ತಿಂಗಳು ಬೆಂದ ಇಟ್ಟಿಗೆ ತೆಗೆಯುವಾಗ ಬಾ. ನೀನು ಬರಬಾರದೆಂದವರೇ ನಿನ್ನನ್ನು ಕರೆಯಲು ಹೇಳಿದ್ದಾರೆ.

ವನಜಾ


ನಂಜನಗೂಡು
15 ಜೂನ್ 2025

ವನಜಾ,

ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಕಳೆದ ಆ ಒಂದು ದಿನಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ. ರಾಜೇಂದ್ರ ಅವರು ಮಾತಿನ ಮಧ್ಯೆ ಒಮ್ಮೆ "ಅಕ್ಕ" ಎಂದದ್ದನ್ನು ನೀನು ಗಮನಿಸಿದೆಯೋ ಇಲ್ಲವೋ, ನಾನು ಗಮನಿಸಿದೆ.

ನನಗೆ ರಾಯಚೂರಿಗೆ ವರ್ಗವಾಗಿದೆ. ಮುಂದಿನ ಸೋಮವಾರ ಹೊರಡಬೇಕು. ಅಮ್ಮನೂ ಜೊತೆಗೆ ಬರುತ್ತಾಳೆ. ನನ್ನ ಜಾಗಕ್ಕೆ ಅನಿಕೇತ್ ಎಂಬ ಹೊಸ ಮ್ಯಾನೇಜರು ಬರುತ್ತಾರೆ, ಚಿಕ್ಕ ವಯಸ್ಸು, ಚುರುಕು. ಅವರಿಗೆ ನೀವು ಯಾರೂ ಅಲ್ಲ. ಪರದೆಯ ಮೇಲೆ ಬರುವ ಒಂದು ಬಣ್ಣ, ಒಂದು ಸಂಖ್ಯೆ. ನಾನು ಹೇಳಬೇಕಾದ್ದನ್ನು ಹೇಳಿ ಹೋಗುತ್ತೇನೆ, ಅವರು ಎಷ್ಟು ಕಿವಿಗೆ ಹಾಕಿಕೊಳ್ಳುತ್ತಾರೋ ಗೊತ್ತಿಲ್ಲ.

ನಾನು ಅವತ್ತು ಬೇಡವೆಂದದ್ದು ಸರಿಯಾಗಿತ್ತೇ ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಸಾಲವನ್ನು ಕಡಿಮೆ ಮಾಡಿ, ನಿಮ್ಮ ಜೊತೆ ಕೂತು ಒಂದು ಶೆಡ್ಡಿಗಷ್ಟೇ ಕೊಟ್ಟಿದ್ದರೆ? ಬೇಡ ಅನ್ನುವುದು ಸುಲಭವಾಗಿತ್ತು.

ಸುಚೇತಾ


ತಿ. ನರಸೀಪುರ
19 ಫೆಬ್ರವರಿ 2026

ಸುಚಿ,

ರಾಯಚೂರಿನ ಬಿಸಿಲಿನಲ್ಲಿ ಹೇಗಿದ್ದೀರಿ? ಅಮ್ಮನಿಗೆ ಹುಚ್ಚೆಳ್ಳು ಚಟ್ನಿ ಪಾರ್ಸೆಲ್ ಮಾಡಿದ್ದೇನೆ.

ಎರಡು ಸುದ್ದಿ. ನಮ್ಮ ಖಾತೆ ಕೆಟ್ಟ ಪಟ್ಟಿಯಿಂದ ಈಚೆ ಬಂತು. ಇನ್ನೊಂದು, ಮನೆ ಕಟ್ಟುವವರು ಮತ್ತೆ ಎದ್ದಿದ್ದಾರೆ. ಸುತ್ತಲಿನ ಹೊಸ ಗೂಡುಗಳಲ್ಲಿ ನಾಲ್ಕು ಮುಚ್ಚಿಹೋಗಿವೆ, ಅವರ ಗಿರಾಕಿಗಳೂ ನಮ್ಮ ಹತ್ತಿರವೇ ಬರುತ್ತಿದ್ದಾರೆ. ಅದರಲ್ಲಿ ಖುಷಿಪಡಬೇಕೋ ಬೇಡವೋ ನನಗೆ ಗೊತ್ತಾಗುವುದಿಲ್ಲ.

ಮಂಗಳವಾರ ನಿಮ್ಮ ಅನಿಕೇತ್ ಬಂದಿದ್ದರು. ಗೂಡು ಉರಿಯುತ್ತಿತ್ತು, ರಸ್ತೆಯಲ್ಲಿ ಎರಡು ಲಾರಿ ನಿಂತಿದ್ದವು. ಅವರು ಸುತ್ತಲೂ ನೋಡಿ ಫೋನಿನಲ್ಲಿ ಏನೋ ಒತ್ತಿ, "ಸಿಸ್ಟಮ್ ಗ್ರೀನ್ ತೋರಿಸ್ತಿದೆ ಮೇಡಂ. ಹೊಸ ಲೋನಿಗೆ ಎಲಿಜಿಬಲ್ ಆಗಿದ್ದೀರಿ. ಇನ್ನೊಂದು ಗೂಡು ಮಾಡೋ ಯೋಚನೆ ಇದೆಯಾ?" ಎಂದರು.

ಇವರ ಕಣ್ಣು ತಾನಾಗಿ ಎರಡನೆಯ ಗೂಡಿದ್ದ ಪಕ್ಕದ ಖಾಲಿ ಜಾಗದ ಕಡೆಗೆ ಹೋಯಿತು. ನನ್ನದೂ ಹೋಯಿತು, ಸುಳ್ಳು ಯಾಕೆ ಹೇಳಲಿ. ನೀನಿದ್ದಿದ್ದರೆ ಏನನ್ನುತ್ತಿದ್ದೆಯೆಂದು ನೆನೆಸಿಕೊಳ್ಳಲು ನೋಡಿದೆ. ಆಮೇಲೆ, ಏನನ್ನಬೇಕಿತ್ತೋ ನಿನಗೇ ಗೊತ್ತಿಲ್ಲವೆಂದು ಬರೆದಿದ್ದೆಯಲ್ಲ, ನಾನೇ ಹೇಳಬೇಕು ಅನ್ನಿಸಿತು.

"ಸಾ," ಎಂದೆ, "ಮೊದ್ಲು ನಮ್ ಸಾಲ ಎಲ್ಲೆಲ್ಲಿ ಅದೆ ಅಂತ ಪೂರ್ತಿ ಕೇಳ್ಕಳಿ." ಮಾರಯ್ಯನದು ಅರ್ಧ ಉಳಿದಿದೆ, ಅತ್ತೆಯ ಸರ ಇನ್ನೂ ಅಡದಲ್ಲಿದೆ, ಎಲ್ಲ ಹೇಳಿದೆ. ಅವರು ಕೇಳಿರದ ಪ್ರಶ್ನೆಗೆಲ್ಲ ಉತ್ತರ ಸಿಕ್ಕಿದ್ದರಿಂದ ಸ್ವಲ್ಪ ಕಕ್ಕಾಬಿಕ್ಕಿಯಾದರು. ಆಮೇಲೆ ಹೇಳಿದೆ: "ಇವತ್ತು ಗೂಡು ಉರಿಯೋವಾಗ ಬಂದಿದ್ದೀರ. ಆಸಾಡ್ದಲ್ಲಿ ಒಂದ್ಸಲ ಬನ್ನಿ. ಆಗ ಇಲ್ಲಿ ಬೆಂಕಿನೂ ಇರಕಿಲ್ಲ, ಲಾರಿನೂ ಇರಕಿಲ್ಲ. ಮಣ್ಣು ನೆಂದು ಬಿದ್ದಿರ್ತದೆ. ಅವತ್ತು ನಮ್ಮನ್ನ ನೋಡಿ, ಎಷ್ಟು ಕೊಡಬೋದು ಅನ್ನುಸ್ತದೋ ಅದ್ನ ಏಳಿ. ಆಗ ಮಾತಾಡನ."

"ಸಾಲ ಬೇಡ ಅನ್ನೋರನ್ನ ನೋಡಿದ್ದೀನಿ, ಮಳೇಲಿ ಬನ್ನಿ ಅಂದೋರನ್ನ ನೋಡಿಲ್ಲ" ಎಂದು ಅನಿಕೇತ್ ನಕ್ಕು, ಫೋನು ಜೇಬಿಗೆ ಹಾಕಿಕೊಂಡು ಹೋದರು.

ಇವರು ಲಾರಿಗಳು ಹೋದ ಮೇಲೆ ಬಂದು ನನ್ನ ಪಕ್ಕ ಕೂತು ಹಸಿ ಇಟ್ಟಿಗೆಗಳನ್ನು ಒಂದೊಂದಾಗಿ ಮಗ್ಗುಲು ತಿರುಗಿಸತೊಡಗಿದರು. ಕೋಪ ಬಂದಿದೆಯೆಂದೇ ಅಂದುಕೊಂಡೆ. ಇಡೀ ಒಂದು ಸಾಲು ತಿರುಗಿಸಿ ಮುಗಿಸಿದ ಮೇಲೆ ಮೆತ್ತಗೆ ಹೇಳಿದರು.

"ಆಸಾಡ್ಕೆ ಮ್ಯಾನೇಜ್ರು ನಿಜ್ವಾಗ್ಲೂ ಬಂದ್ರೆ, ಶೆಡ್ಡಲ್ಲಿ ಸೋರೋ ಕಡೆ ಕೂರುಸ್ಬ್ಯಾಡ."

ನಿನ್ನ
ವನಜಾ